ಬೂದು ಚೌಕಟ್ಟಿನ ಹುಡುಗಿ

ಬಸ್ಸು ಕಾಯಲಿಲ್ಲ. ಮುಳಗುಂದ ನಾಕಾದ ಹತ್ತಿರ ರಸ್ತೆಗೆ ಕಾಲಿಟ್ಟಿದ್ದ ಮೇಧಾಳ ಚೀಲವನ್ನು ಸವರಿಕೊಂಡೇ ಹೋಯಿತು. ಚೀಲದ ಪಟ್ಟಿ ಹರಿದು, ನೀರಿನ ಬಾಟಲಿ ಉರುಳಿ, ಹಿಂದಿನ ಬಸ್ಸಿನ ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾಯಿತು.

ಇಂಥದ್ದು ಗದಗಿನಲ್ಲಿ ಆಗುವುದೇ ಇಲ್ಲವೆಂದು ಎಲ್ಲರೂ ತಿಳಿದಿದ್ದರು. ತಾನೇ ಓಡುವ ಬಸ್ಸುಗಳು ಬಂದ ಮೇಲೆ ಸಿಗ್ನಲ್ಲುಗಳನ್ನು ಕಿತ್ತು ಹಾಕಿದ್ದರು. ಬಸ್ಸು, ಆಟೋ, ಸಾಮಾನಿನ ಗಾಡಿ, ಎಲ್ಲಕ್ಕೂ ಒಂದೇ ಕಂಪನಿಯ ಕಣ್ಣು. ರಸ್ತೆಯ ಅಂಚಿನಲ್ಲಿ ನೀವು ಸುಮ್ಮನೆ ನಿಂತರೆ ಸಾಕು, ಬರುವ ಗಾಡಿ ತಾನಾಗಿ ನಿಧಾನವಾಗುತ್ತಿತ್ತು. ನೀವು ಕಾಲಿಟ್ಟರೆ ನಿಲ್ಲುತ್ತಿತ್ತು. ಜನ ಫೋನಿನಲ್ಲಿ ಮಾತಾಡುತ್ತ, ತಲೆ ಎತ್ತದೆ ದಾಟುತ್ತಿದ್ದರು. ಎಮ್ಮೆಗಳಂತೂ ಮೊದಲೇ ಹಾಗಿದ್ದವು, ಈಗ ಮನುಷ್ಯರೂ ಅವುಗಳ ಹಾಗೇ ಆಗಿದ್ದರು. ಒಂದರ ಬೆನ್ನಿಗೊಂದು ಬರುವ ಆ ಸಾಲಿನಲ್ಲಿ ಯಾರನ್ನಾದರೂ ಕಂಡು ಗಾಡಿ ನಿಂತರೆ ಮಾತ್ರ ದಾರಿ. ಕಾಣದವರಿಗೆ ದಾರಿಯಿಲ್ಲ. ಆದರೆ ಕಾಣದವರು ಅಂತ ಯಾರಾದರೂ ಇರಬಹುದೆಂದು ಯಾರೂ ಯೋಚಿಸಿರಲಿಲ್ಲ.

"ನಾ ನಿಂತಿದ್ನಿ ಅವ್ವಾ. ಬರೋಬ್ಬರಿ ನಿಂತಿದ್ನಿ," ಎಂದಳು ಮೇಧಾ ಮನೆಗೆ ಬಂದು. "ನನ್ನ ಮುಂದ ನಿಂತಿದ್ದ ಕಾಕಾಗ ನಿಂತಿತು. ಅವ್ರು ದಾಟಿದ್ಮ್ಯಾಲ ನಾ ಕಾಲಿಟ್ಟೆ, ಬಸ್ಸು ಹೊಂಟೇ ಬಿಡ್ತು."

ಅವಳ ತಾಯಿ ಶೈಲಾ ಹರಿದ ಪಟ್ಟಿಯನ್ನು ಬೆರಳಲ್ಲಿ ಸುತ್ತುತ್ತ ಕೂತಳು. ಅಪ್ಪ ಮಹಾಂತೇಶ ಆ ಬಸ್ಸುಗಳ ಡಿಪೋದಲ್ಲೇ ಗಾಲಿಯ ಗಾಳಿ ನೋಡುವ ಕೆಲಸದಲ್ಲಿದ್ದ. ಬಸ್ಸುಗಳು ತಾವೇ ಓಡತೊಡಗುವ ಮುಂಚೆ ಅವನೇ ಓಡಿಸುತ್ತಿದ್ದವನು.

"ಕಣ್ಣು ಕೆಟ್ಟಿರಬೇಕು ಆ ಬಸ್ಸಿಂದು," ಎಂದ ಅವನು. "ನಾಳೆ ತಬಸ್ಸುಮ್ ಮ್ಯಾಡಮ್‌ಗೆ ಹೇಳ್ತೀನಿ."

ಕಣ್ಣು ಕೆಟ್ಟಿರಲಿಲ್ಲ.

*

ನಿಯಂತ್ರಣ ಕೊಠಡಿ ಡಿಪೋದ ಮೇಲಿನ ಮಾಳಿಗೆಯಲ್ಲಿತ್ತು. ಗೋಡೆ ತುಂಬ ಪರದೆಗಳು, ಪರದೆಗಳಲ್ಲಿ ಬಸ್ಸುಗಳ ಕಣ್ಣಿಗೆ ಕಂಡ ಊರು. ಅಲ್ಲಿನ ಎಂಜಿನಿಯರು ತಬಸ್ಸುಮ್ ಮುಲ್ಲಾ ತಾಯಿ ಮಗಳಿಬ್ಬರನ್ನೂ ಒಂದು ಕ್ಯಾಮೆರಾದ ಎದುರು ನಿಲ್ಲಿಸಿದಳು. ಪರದೆಯ ಮೇಲೆ ಶೈಲಾಳ ಸುತ್ತ ಹಸಿರು ಚೌಕಟ್ಟು ಮೂಡಿತು. ಮೇಧಾಳ ಸುತ್ತ ಮೂಡಿದ್ದು ಬೂದು ಚೌಕಟ್ಟು. ಕೆಳಗೆ ಒಂದೇ ಪದ: ಚಿತ್ರ.

ಮೇಧಾ ಕೈ ಬೀಸಿದಳು, ಕುಣಿದಳು, ನಾಲಿಗೆ ಚಾಚಿದಳು. ಚೌಕಟ್ಟೂ ಅವಳ ಜೊತೆ ಕುಣಿಯಿತು, ಬೂದಾಗಿಯೇ.

"ಅಕ್ಕಾ, ನಿಮ್ಮ ಹುಡುಗಿ ಫೋಟೋ ಎಲ್ಲ್ಯಾರ ಮಾರೀರೇನು?" ಎಂದು ಕೇಳಿದಳು ತಬಸ್ಸುಮ್.

ಶೈಲಾ ಹೌದೆಂದು ತಲೆಯಾಡಿಸಿದಳು. ಫೋಟೋ ಮಾರುವುದೇ ಅವಳ ಕಸುಬು. ಬೆಟಗೇರಿಯ ಮನೆಯ ಕಿಟಕಿ ಪಕ್ಕ ಬಿಳಿ ಚಾದರ ಇಳಿಬಿಟ್ಟು, ಥರ್ಮೋಕೋಲಿನ ಹಲಗೆಯಿಂದ ಬೆಳಕು ತಿರುಗಿಸಿ ಅವಳು ಏನೆಲ್ಲ ತೆಗೆದಿದ್ದಳು. ರೊಟ್ಟಿ ಬಡಿಯುವ ಕೈ, ಹೆಚ್ಚಿಟ್ಟ ಬದನೆಕಾಯಿ, ಕನ್ನಡಕ ಒರೆಸುವ ಅತ್ತೆ, ಲೆಕ್ಕ ಮಾಡುತ್ತ ಪೆನ್ಸಿಲ್ ಕಚ್ಚುವ ಮಗಳು. ಆನ್‌ಲೈನ್ ಏಜೆನ್ಸಿಗೆ ಏರಿಸಿ, ಪ್ರತಿ ಫೋಟೋಕ್ಕೂ ಹುಡುಕುವವರಿಗೆ ಸಿಗುವಂಥ ಪದಗಳನ್ನು ಕಟ್ಟಬೇಕು: ಅಡುಗೆ, ಕೈ, ಹಿಟ್ಟು, ತಾಯ್ತನ, ಬೆಳಗು. ಯಾವುದೋ ದೇಶದಲ್ಲಿ ಯಾರೋ ಅದನ್ನು ಇಳಿಸಿಕೊಂಡರೆ ಇಲ್ಲಿ ಕಾಸು. ಏಜೆನ್ಸಿ ತಿರಸ್ಕರಿಸುವುದೇ ಹೆಚ್ಚು. ಮಸುಕಾಗಿದೆ, ಡಬ್ಬಿಯ ಮೇಲೆ ಕಂಪನಿ ಹೆಸರು ಕಾಣುತ್ತಿದೆ, ಬೇಡಿಕೆಯಿಲ್ಲ. ಒಮ್ಮೆ ಬೀದಿನಾಯಿಗಳನ್ನು ಕಳಿಸಿ ಬೇಡಿಕೆಯಿಲ್ಲ ಅನ್ನಿಸಿಕೊಂಡ ಮೇಲೆ ನಾಯಿಗಳತ್ತ ಕ್ಯಾಮೆರಾ ತಿರುಗಿಸಿರಲಿಲ್ಲ.

ಮೇಧಾ ಕೂಸಿದ್ದಾಗ ತೆಗೆದ ಫೋಟೋವನ್ನೂ ಮೊದಲು ತಿರಸ್ಕರಿಸಿದ್ದರು. ಕಾರಣ, ಕೆನ್ನೆಯ ಮೇಲಿನ ಕಪ್ಪು ಗುರುತು. ಅದು ಶೈಲಾಳ ಅತ್ತೆ ಕಲ್ಲವ್ವ ಇಟ್ಟ ದೃಷ್ಟಿಬೊಟ್ಟು. ಶೈಲಾ ಕಂಪ್ಯೂಟರಿನಲ್ಲಿ ಆಚೆ ಈಚೆಯ ಚರ್ಮವನ್ನು ಎಳೆದು ಅದನ್ನು ಮುಚ್ಚಿದ್ದಳು. ಹಿಂದೆ ನಿಂತಿದ್ದ ಕಲ್ಲವ್ವ, "ಬೊಟ್ಟು ಅಳಿಸಿ ಕೂಸಿನ ಮಾರಿ ಊರಿಗೆಲ್ಲ ತೋರಸ್ತೀಯೇನವಾ," ಎಂದಿದ್ದಳು. "ಊರಿಗಲ್ಲತ್ತಿ, ಜಗತ್ತಿಗೆ," ಎಂದು ಶೈಲಾ ನಕ್ಕಿದ್ದಳು. ಅದೇ ಫೋಟೋ ಓಡಿತು. ಹಾಲಿನ ಪುಡಿ, ಸೊಳ್ಳೆಪರದೆ, ಬ್ಯಾಂಕು, ಎಲ್ಲರ ಜಾಹೀರಾತಿನಲ್ಲೂ.

ಕೊಳ್ಳುವವರಿಗೆ ಅದೇ ಮಗು ದೊಡ್ಡದಾಗಿಯೂ ಬೇಕಾಯಿತು. ವಿಮಾ ಕಂಪನಿಯವರು ಒಂದೇ ಮುಖವನ್ನು ತೊಟ್ಟಿಲಿಂದ ಪದವಿಯ ಕರಿ ನಿಲುವಂಗಿಯವರೆಗೆ ತೋರಿಸಬೇಕಲ್ಲ. ಏಜೆನ್ಸಿ 'ಬೆಳೆಯುವ ಮುಖ' ಎಂಬ ಯೋಜನೆ ತಂದಿತು. ತಂದೆ ತಾಯಿಯ ಮುಖಗಳನ್ನು ಕೊಟ್ಟರೆ ಯಂತ್ರವೇ ಲೆಕ್ಕ ಹಾಕಿ ಮಗುವನ್ನು ಮುಂದಕ್ಕೆ ಬೆಳೆಸುತ್ತಿತ್ತು. ವರ್ಷಕ್ಕೊಮ್ಮೆ ಹೊಸ ಫೋಟೋ ಕಳಿಸಿದರೆ ಲೆಕ್ಕ ತಿದ್ದಿಕೊಳ್ಳುತ್ತಿತ್ತು. ಶೈಲಾ ಒಪ್ಪಿಗೆ ಒತ್ತಿದ್ದಳು. ಮೇಧಾ ನೋಡಿಯೇ ಇರದ ಈಜುಕೊಳದಲ್ಲಿ ಮೇಧಾ ಈಜಿದಳು. ಹಿಮದಲ್ಲಿ ಆಡಿದಳು. ನಿಲುವಂಗಿ ತೊಟ್ಟ ಫ್ಲೆಕ್ಸು ಸ್ಟೇಷನ್ ರೋಡಿನಲ್ಲಿ ನಿಂತಾಗ ನಿಜವಾದ ಮೇಧಾ, "ಪಾಸ್ ಆಗೀನಲ್ಲ ಬೇ, ಇನ್ಯಾಕ ಓದ್ಲಿ," ಎಂದು ಪುಸ್ತಕ ಮುಚ್ಚಿದ್ದಳು. ಮನೆಯವರೆಲ್ಲ ನಕ್ಕಿದ್ದರು.

ತಬಸ್ಸುಮ್ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದಳು. ಮೊದಮೊದಲು ಬಸ್ಸುಗಳು ಊರಿನ ಫ್ಲೆಕ್ಸುಗಳಿಗೆ ಸೋತಿದ್ದವು. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಸೀರೆ ಅಂಗಡಿ, ಆಳೆತ್ತರದ ಪ್ಲೈವುಡ್ ಕಟೌಟು. ಗಾಳಿಗೆ ಅಲುಗಿದರೆ ಮನುಷ್ಯನೇ ರಸ್ತೆಗಿಳಿದ ಎಂದು ಬಸ್ಸು ನಿಲ್ಲುತ್ತಿತ್ತು. ಅದಕ್ಕೇ ಏಜೆನ್ಸಿಗಳಿಂದ ಮಾರಾಟದ ಮುಖಗಳನ್ನೆಲ್ಲ ತರಿಸಿ ಬಸ್ಸಿನ ಕಣ್ಣಿಗೆ ಕಲಿಸಿದ್ದರು. ಈ ಮುಖ ಕಂಡರೆ ಅದು ಚಿತ್ರ, ಚಿತ್ರ ಅಂಚಿನಿಂದ ಇಳಿಯುವುದಿಲ್ಲ, ಹಾಗಾಗಿ ನಿಧಾನ ಮಾಡಬೇಕಿಲ್ಲ.

"ಹಾದ್ಯಾಗ ಇಳಿದ್ಮ್ಯಾಲ ಬ್ರೇಕ್ ಹಾಕತೈತಿ, ಇಲ್ಲಂತಲ್ಲ," ಎಂದಳು. "ಆದ್ರ ಅಷ್ಟೊತ್ತಿಗೆ ತಡ ಆಗಿರತೈತಿ."

"ಈಗ ಯಾಕ? ಇಷ್ಟು ದಿನ ಚಲೋ ಇತ್ತಲ್ಲ?"

"ಲೆಕ್ಕದ ಮುಖ, ಖರೇ ಮುಖ ಇಷ್ಟು ದಿನ ಅಕ್ಕತಂಗಿ ಇದ್ದಂಗ ಇದ್ವು. ನೀವು ವರ್ಷಾ ತಿದ್ದಾಕ ಫೋಟೋ ಕೊಟ್ರಿ. ಈಗ ಎರಡೂ ಒಂದಾಗ್ಯಾವ."

ಮಹಾಂತೇಶ ಗೋಡೆಗೆ ಒರಗಿ ನಿಂತಿದ್ದ. "ಹಂಗಾದ್ರ ಇಕಿ ಮುಖ ಅದರಾಗಿಂದ ತಗದು ಒಗೀರಿ ಮ್ಯಾಡಮ್."

ತಬಸ್ಸುಮ್ ಪರದೆಯತ್ತ ತಿರುಗಿದಳು. "ತಗೀಬಹುದು. ತಗದು ನೋಡೂಣು," ಎಂದಳು.

*

ಗುರುವಾರ ಬೆಳಿಗ್ಗೆ ತೆಗೆದಳು. ಅದು ಜೂನ್ ತಿಂಗಳು. ಶಾಲಾ ಪ್ರವೇಶದ ಕಾಲ. ಒಂದು ಹೊಸ ಶಾಲೆಯವರು ಎರಡು ಜಡೆಯ ಮೇಧಾಳನ್ನು ಕೊಂಡು, ಊರಿನ ಕಂಬಕಂಬಕ್ಕೂ ಕಟ್ಟಿಸಿದ್ದರು.

ಬೆಳಗಿನ ಮೊದಲ ಬಸ್ಸು ಡಿಪೋದ ಗೇಟು ದಾಟಿ ಮೊದಲ ಕಂಬದ ಹತ್ತಿರ ನಿಂತಿತು. ಮಗು ದಾಟಲೆಂದು ಕಾಯಿತು. ಮಗು ದಾಟಲಿಲ್ಲ. ಹಿಂದಿನ ಬಸ್ಸು ಅದರ ಹಿಂದೆ ನಿಂತಿತು. ಊರಿನ ತುಂಬ ಬಸ್ಸುಗಳು ಕಂಬಗಳೆದುರು ತಾಳ್ಮೆಯಿಂದ ನಿಂತವು. ಕಿಟಕಿಯಿಂದ ತಲೆ ಹಾಕಿದ ಮುದುಕರೊಬ್ಬರು, "ಯಾರ್ನ ಹತ್ತಿಸ್ಕೊಳ್ಳಾಕ ನಿಂತೈತೋ ಇದು, ಬೀಗರನೇನು," ಎಂದರು. ಮೊದಲು ಜನ ನಕ್ಕರು. ಆಮೇಲೆ ಸಾಲಿನ ನಡುವೆ ಸಿಕ್ಕಿದ್ದ ಆಟೋದಲ್ಲಿ ಹೆರಿಗೆ ನೋವು ಬಂದ ಹೆಂಗಸೊಬ್ಬಳಿದ್ದಾಳೆಂದು ಗೊತ್ತಾಯಿತು. ಬಾಳೆಹಣ್ಣಿನ ತಳ್ಳುಗಾಡಿ ಖಾಲಿ ಮಾಡಿ ಅವಳನ್ನು ಮಲಗಿಸಿಕೊಂಡು ಓಡಿದರು. ಕೂಸು ಆಸ್ಪತ್ರೆಯ ಬಾಗಿಲಲ್ಲೇ ಹುಟ್ಟಿತು. ಬದುಕಿತು.

ಅಷ್ಟರಲ್ಲಿ ತಬಸ್ಸುಮ್ ಮುಖವನ್ನು ವಾಪಸು ಹಾಕಿದ್ದಳು. ಬಸ್ಸುಗಳು ಒಮ್ಮೆಲೇ ಹೊರಟವು.

"ಫ್ಲೆಕ್ಸ್ ಇಳಿಸಿದ್ರ?" ಎಂದು ಫೋನಿನಲ್ಲಿ ಕೇಳಿದಳು ಶೈಲಾ.

"ಇದೊಂದು ಇಳಿಸಿದ್ರ ಇನ್ನೊಂದು ಏರತೈತಿ ಅಕ್ಕಾ. ಕೊಂಡವ್ರು ಕೊಂಡಾರ. ಅವರ ಹಕ್ಕು ಮುಗಿಯೋತನಕ ಆ ಮುಖ ಅವರದು. ಏಜೆನ್ಸಿಯವರಿಗೆ ಬರದ್ರೇನು?"

ಬರೆದಿದ್ದಳು. ಏಜೆನ್ಸಿಯಲ್ಲಿ ಮನುಷ್ಯರು ಉತ್ತರಿಸುವ ಕಾಲ ಹೋಗಿತ್ತು. ನಿಮ್ಮ ಮಗುವಿನ ಜನಪ್ರಿಯತೆಗೆ ಅಭಿನಂದನೆ ಎಂದು ಯಂತ್ರ ಬರೆದಿತ್ತು. ಮುಂದಿನ ಮಾರಾಟ ನಿಲ್ಲಿಸಬಹುದು, ಆಗಿಹೋದದ್ದನ್ನು ಹಿಂಪಡೆಯಲಾಗದು ಎಂದೂ ಸೇರಿಸಿತ್ತು. ಶೈಲಾ ಮಾರಾಟ ನಿಲ್ಲಿಸಿದಳು. ಆಗಿಹೋದದ್ದು ಊರ ತುಂಬ ತೂಗುತ್ತಿತ್ತು.

*

ಕಲ್ಲವ್ವನಿಗೆ ಪರದೆ, ಚೌಕಟ್ಟು ಯಾವುದೂ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಮೊಮ್ಮಗಳ ಮೇಲೆ ಊರಿನ ಕಣ್ಣು ಬಿದ್ದಿದೆ. ಮರುದಿನ ಬೆಳಿಗ್ಗೆ ಹುಡುಗಿಯನ್ನು ಮೊಣಕಾಲ ನಡುವೆ ಹಿಡಿದು ಕೂರಿಸಿ ಕೆನ್ನೆಗೆ ದೊಡ್ಡದೊಂದು ಕಾಡಿಗೆ ಬೊಟ್ಟು ಇಟ್ಟಳು. ಗದ್ದಕ್ಕೊಂದು, ಹಣೆಯ ಓರೆಗೊಂದು.

"ಅಜ್ಜೀ, ನಾ ಏಳನೇ ಕ್ಲಾಸಿನ್ಯಾಗ ಅದೀನಿ," ಎಂದು ಮೇಧಾ ಗೋಗರೆದಳು. "ಹುಡುಗ್ಯಾರು ನಗತಾರ."

"ನಗಲಿ. ನಕ್ಕವ್ರ ಹಲ್ಲು ಎಣಸ್ಕೊಂಡು ಬಾ."

ಶೈಲಾ ಕೈ ಹಿಡಿದು ಅವಳನ್ನು ನಾಕಾಕ್ಕೆ ಕರೆದೊಯ್ದಳು. ಅಂಚಿನಲ್ಲಿ ಚೀಲ ಸರಿಮಾಡಲೆಂದು ಅರೆಕ್ಷಣ ಕೈ ಬಿಟ್ಟು ಹಿಂದೆ ಸರಿದಳು. ಎದುರು ಬಂದ ಬಸ್ಸು ನಿಧಾನವಾಯಿತು. ನಿಂತಿತು.

ಶೈಲಾ ಇನ್ನೂ ಹಿಂದೆ ಸರಿದಳು, ಅಂಗಡಿಯ ಮರೆಗೆ. ಬಸ್ಸು ನಿಂತೇ ಇತ್ತು. ಮೇಧಾ ಕಾಲಿಟ್ಟಳು, ದಾಟಿದಳು, ಆಚೆಗೆ ನಿಂತು ಎರಡೂ ಕೈ ಎತ್ತಿದಳು.

"ಮುಖ ಅರ್ಧಾ ಹೊಂದತೈತಿ, ಅರ್ಧಾ ಹೊಂದಂಗಿಲ್ಲ," ಎಂದು ತಬಸ್ಸುಮ್ ಪರದೆ ನೋಡಿ ಫೋನಿನಲ್ಲಿ ಹೇಳಿದಳು. "ಈ ಕರೇದು ಏನಂತ ಅದಕ್ಕ ಗೊತ್ತಿಲ್ಲ. ಗೊತ್ತಿಲ್ಲಂದ್ರ ನಿಧಾನ ಮಾಡತೈತಿ. ಅಜ್ಜಿಗೆ ನನ್ನ ಸಲಾಂ ಹೇಳ್ರಿ."

ಆ ವಾರವೆಲ್ಲ ಮನೆಯಲ್ಲಿ ಹಬ್ಬದ ಹಾಗಿತ್ತು. ತರಗತಿಯಲ್ಲಿ "ಕೂಸು ಬಂತು, ತೊಟ್ಲಾ ತರ್ರಿ" ಎಂದರಂತೆ. ಮೇಧಾ ಮೊದಲ ದಿನ ಅತ್ತು ಬಂದಳು, ಎರಡನೆಯ ದಿನ ಬೊಟ್ಟನ್ನು ಚಂದ್ರನ ಆಕಾರಕ್ಕೆ ಇಡು ಎಂದು ಅಜ್ಜಿಯ ಬಳಿ ಚೌಕಾಸಿ ಮಾಡಿದಳು. ಮಹಾಂತೇಶ ಕಾಡಿಗೆಯ ಡಬ್ಬಿಗಳನ್ನು ಒಟ್ಟಿಗೇ ತಂದಿಟ್ಟ.

*

ಏಜೆನ್ಸಿಗೆ ಈಗ ಫೋಟೋ ಅಷ್ಟಾಗಿ ಬೇಕಿರಲಿಲ್ಲ. ಅದರ ಬದಲು ಹಳೆಯ ಫೋಟೋಗ್ರಾಫರುಗಳಿಗೆ ಇನ್ನೊಂದು ಕೆಲಸ ಕೊಡುತ್ತಿತ್ತು. ಯಂತ್ರಕ್ಕೆ ಅರ್ಥವಾಗದ ಚಿತ್ರಗಳನ್ನು ಕಳಿಸುವುದು, ಇವರು ಅವಕ್ಕೆ ಪದ ಕಟ್ಟುವುದು. ಮೇಧಾಳ ಮುಖದ ಆದಾಯ ನಿಂತ ಮೇಲೆ ಶೈಲಾಳಿಗೆ ಉಳಿದದ್ದು ಅದೇ. ಒಂದು ಮಧ್ಯಾಹ್ನ, ಕುಕ್ಕರಿನ ಸೀಟಿ ಕೇಳುತ್ತ, ಬೇಳೆ ಸೀಯದ ಹಾಗೆ ಒಂದು ಕಣ್ಣಿಟ್ಟು, ಚಿತ್ರಗಳ ಹೊಸ ಗೊಂಚಲು ತೆರೆದಳು.

ಬರೀ ಕೆನ್ನೆಗಳು. ಮೂಗಿಲ್ಲ, ಕಣ್ಣಿಲ್ಲ. ಎಲ್ಲೆಲ್ಲಿಯದೋ ಕೂಸುಗಳ ಕೆನ್ನೆ, ಹಣೆ, ಅಂಗಾಲು. ಪ್ರತಿಯೊಂದರ ಮೇಲೂ ಒಂದು ಕರಿಯ ಚುಕ್ಕೆ. ಪ್ರಶ್ನೆ: ಈ ಗುರುತು ಏನು? ಕೆಳಗೆ ಉಳಿದವರು ಕೊಟ್ಟ ಉತ್ತರಗಳಿದ್ದವು. ಒಬ್ಬ ಮಚ್ಚೆ ಎಂದಿದ್ದ. ಒಬ್ಬಳು ಗಾಯ. ಇನ್ನೊಬ್ಬ ಮಸಿ. ಒಬ್ಬರು ಚರ್ಮರೋಗ ಎಂದು ಬರೆದಿದ್ದರು.

ಶೈಲಾಳಿಗೆ ನಗು ಬಂತು. "ಅತ್ತೀ, ನಿಮ್ಮ ಬೊಟ್ಟಿಗೆ ಚರ್ಮರೋಗ ಅಂತಾರ ನೋಡ್ರಿ," ಎಂದು ಕೂಗಿದಳು.

"ಅವರ ಕಣ್ಣಿಗೇ ರೋಗ," ಎಂದಳು ಕಲ್ಲವ್ವ ಒಳಗಿನಿಂದ.

ಪದ ಕಟ್ಟುವುದರಲ್ಲಿ ಶೈಲಾ ಎಂದೂ ಅರೆಬರೆ ಮಾಡಿದವಳಲ್ಲ. ಅದೇ ಅವಳ ಫೋಟೋ ಓಡಿಸಿದ್ದು. ಯಾರೋ ಪರದೇಶದವರು ನಮ್ಮ ಕೂಸುಗಳಿಗೆ ರೋಗ ಅಂಟಿಸುವುದನ್ನು ನೋಡಿ ಸುಮ್ಮನಿರಲು ಅವಳಿಂದಾಗಲಿಲ್ಲ. ಪೂರ್ತಿ ಬರೆದಳು: ದೃಷ್ಟಿಬೊಟ್ಟು. ಕೆಟ್ಟ ಕಣ್ಣು ಬೀಳದಿರಲೆಂದು ಹಚ್ಚುವ ಕಾಡಿಗೆ. ಒರೆಸಿದರೆ ಹೋಗುತ್ತದೆ. ಮುಖದ ಭಾಗವಲ್ಲ.

ಗೊಂಚಲು ಮುಗಿಯುವ ಮುಂಚೆಯೇ ಪರದೆಯ ಮೇಲೆ ಹಳದಿ ನಕ್ಷತ್ರವೊಂದು ಮಿನುಗಿತು. ನಿಮ್ಮ ಉತ್ತರ ಸ್ವೀಕೃತವಾಗಿದೆ. ಉಳಿದ ಉತ್ತರಗಳು ಅಳಿದವು. ಶೈಲಾ ಎದ್ದು ಹೋಗಿ ಬೇಳೆ ಇಳಿಸಿದಳು.

*

ಸೋಮವಾರ ಮೇಧಾ ಒಬ್ಬಳೇ ಹೋಗಿದ್ದಳು. ಕೆನ್ನೆಯ ಮೇಲೆ ಚಂದ್ರ, ಗದ್ದದ ಮೇಲೆ ಚುಕ್ಕೆ. ಅಂಚಿನಲ್ಲಿ ನಿಂತಳು. ಬಸ್ಸು ನಿಧಾನ ಮಾಡುತ್ತದೆಂಬ ಧೈರ್ಯದ ಮೇಲೆ ಕಾಲಿಟ್ಟಳು. ಬಸ್ಸು ಅವಳು ಇಳಿದ ಮೇಲೆ ಬ್ರೇಕು ಹಾಕಿತು. ಬಂಪರು ತಾಗಿ ಬಿದ್ದಳು. ಮುಂಗೈ ಮುರಿಯಿತು.

ಪ್ಲಾಸ್ಟರು ಹಾಕಿಸಿಕೊಂಡು ಆಸ್ಪತ್ರೆಯಿಂದ ನೇರ ಡಿಪೋಗೆ ಹೋದರು. ತಬಸ್ಸುಮ್ ಮೇಧಾಳತ್ತ ಕ್ಯಾಮೆರಾ ತಿರುಗಿಸಿದಳು. ಬೂದು ಚೌಕಟ್ಟು. ಈ ಸಲ ಅದರ ಕೆಳಗೆ ಎರಡು ಸಾಲು ಹೆಚ್ಚಿತ್ತು.

"ನಿನ್ನೆ ಎಲ್ಲಾ ಕಣ್ಣಿಗೂ ಏಜೆನ್ಸಿಯಿಂದ ಹೊಸಾ ಪಾಠ ಬಂದೈತಿ," ಎಂದಳು. "ಯಾವ ಗುರುತು ಲೆಕ್ಕಕ್ಕ ತಗೋಬಾರ್ದು ಅಂತ. ಯಾರೋ ನಮ್ಮ ಕಡಿಯವ್ರೇ ತಿಳಿಸಿ ಹೇಳ್ಯಾರ. ಇಲ್ಲಂದ್ರ ಅದಕ್ಕ ಹೆಂಗ ಗೊತ್ತಾಗತಿತ್ತು."

ಮಹಾಂತೇಶ ಬಗ್ಗಿ ಗಟ್ಟಿಯಾಗಿ ಓದಿದ. "ಒರೆಸಿದರೆ ಹೋಗುತ್ತದೆ. ಮುಖದ ಭಾಗವಲ್ಲ."

ಶೈಲಾ ಮಗಳ ಪ್ಲಾಸ್ಟರಿನ ಕೈಯನ್ನು ಹಿಡಿದುಕೊಂಡಿದ್ದಳು. ಇನ್ನೂ ಒದ್ದೆಯಿತ್ತು. "ನಾನ ಬರದದ್ದು," ಎಂದಳು.

ಪರದೆಯ ಮೇಲೆ ಅವಳ ಸುತ್ತ ಹಸಿರು ಚೌಕಟ್ಟು ಅಚ್ಚುಕಟ್ಟಾಗಿ ನಿಂತಿತ್ತು.

"ಅದನ್ನ ತಪ್ಪು ಅಂತ ಬರೀಲೇನು? ಮಚ್ಚಿ ಅಂತ ಬರೀತೀನಿ. ಗಾಯ ಅಂತ."

"ಬರೀರಿ," ಎಂದಳು ತಬಸ್ಸುಮ್ ಮೆಲ್ಲಗೆ. "ಆದ್ರ ಖರೇ ಅನಿಸಿದ್ದನ್ನ ಅದು ಒಮ್ಮಿ ಕಲತ್ರ ಬಿಡಂಗಿಲ್ಲ."

ಮುಖವಾಡ ಹಾಕಿದರೆ, ಮುಸುಕು ಹಾಕಿದರೆ ಎಂದು ಮಹಾಂತೇಶ ಕೇಳಿದ. ಅವು ತೆಗೆದರೆ ಹೋಗುವಂಥವೆಂದು ಬಸ್ಸು ಮೊದಲೇ ಕಲಿತಿದೆ, ಕಣ್ಣಷ್ಟು ಕಂಡರೂ ಮುಖ ಗುರುತಿಸುತ್ತದೆ ಎಂದು ತಬಸ್ಸುಮ್ ಹೇಳಿದಳು. ಮೆಟ್ಟಿಲಿಳಿಯುವಾಗ ಅವನು ಒಂದೇ ಮಾತಂದ. "ನಾ ಓಡಸ್ತಿದ್ರ ನಿಂದರಸ್ತಿದ್ನಿ." ಕೆಳಗೆ ಅವನು ಗಾಳಿ ತುಂಬಬೇಕಿದ್ದ ಬಸ್ಸುಗಳು ಸಾಲಾಗಿ ನಿಂತಿದ್ದವು.

*

ಆಮೇಲೆ ಶೈಲಾಳೇ ದಿನಾ ದಾಟಿಸತೊಡಗಿದಳು. ಬೆಳಿಗ್ಗೆ ಆಚೆಗೆ, ಸಂಜೆ ಈಚೆಗೆ. ತಾನು ಮುಂದೆ, ಮಗಳು ಬೆನ್ನಿಗೆ ಅಂಟಿಕೊಂಡು. ಸಂತೆಗೆ, ಟ್ಯೂಷನ್ನಿಗೆ, ಗೆಳತಿಯ ಮನೆಗೆ, ಎಲ್ಲಿಗೂ ಹಾಗೇ. ಮೇಧಾ ಮಾತು ಕಡಿಮೆ ಮಾಡಿದಳು. "ಕಾಲೇಜಿಗೂ ನೀನ ಬರ್ತೀಯೇನು?" ಎಂದು ಒಮ್ಮೆ ಕೇಳಿದಳು. ಯಂತ್ರ ಕಾಲೇಜಿನ ಮೇಧಾಳನ್ನು ಆಗಲೇ ಮಾರಿಯಾಗಿತ್ತು.

ಒಂದು ದಿನ ಕಲ್ಲವ್ವನಿಗೆ ತಲೆಸುತ್ತು ಬಂದು ಶೈಲಾ ಹೊರಡುವುದು ತಡವಾಯಿತು. ಒಳಕೋಣೆಯಿಂದ ಬಂದು ನೋಡಿದರೆ ಮೇಧಾ ಇಲ್ಲ, ಚೀಲವೂ ಇಲ್ಲ. ಚಪ್ಪಲಿ ಹಾಕಿಕೊಳ್ಳದೆ ಓಡಿದಳು.

ನಾಕಾದಲ್ಲಿ ಮೇಧಾ ಅಂಚಿನಲ್ಲಿ ನಿಂತಿದ್ದಳು, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು. ಎದುರು ಬಸ್ಸು, ಹಿಂದೆ ಬಸ್ಸು, ನಡುವೆ ಆಟೋ, ಯಾವುದೂ ಎಳ್ಳಷ್ಟೂ ನಿಧಾನವಾಗುತ್ತಿರಲಿಲ್ಲ. ಅವಳ ತಲೆಯ ಮೇಲಿನ ಕಂಬದಲ್ಲಿ ಇನ್ನೊಬ್ಬ ಮೇಧಾ ಎರಡು ಜಡೆ ಹಾಕಿಕೊಂಡು ನಗುತ್ತಿದ್ದಳು. ಶೈಲಾ ಇನ್ನೂ ದೂರವಿದ್ದಳು. ಕೂಗಿದರೆ ಹುಡುಗಿ ಬೆಚ್ಚಿ ಕಾಲಿಟ್ಟಾಳೆಂದು ಕೂಗಲೂ ಆಗಲಿಲ್ಲ.

ಪಂಕ್ಚರ್ ಅಂಗಡಿಯ ನಾಯಿ ಎದ್ದು ಮೈ ಕೊಡವಿತು. ಒಂದು ಕಿವಿ ಹರಿದ, ಮಣ್ಣಿನ ಬಣ್ಣದ ನಾಯಿ. ಬಂದು ಮೇಧಾಳ ಪಕ್ಕ ನಿಂತು ರಸ್ತೆಯತ್ತ ನೋಡಿತು.

ಬಸ್ಸು ನಿಧಾನವಾಯಿತು. ನಿಂತಿತು. ಹಿಂದಿನದೂ ನಿಂತಿತು.

ನಾಯಿ ಏನೋ ವಾಸನೆ ಹಿಡಿದು ಹಿಂದಕ್ಕೆ ಹೋಯಿತು. ಬಸ್ಸು ಹೊರಟಿತು. ಮೇಧಾ ಬಸ್ಸನ್ನು ನೋಡಿದಳು, ನಾಯಿಯನ್ನು ನೋಡಿದಳು. ಟಿಫಿನ್ ಡಬ್ಬಿ ತೆಗೆದು ಅರ್ಧ ಚಪಾತಿ ಮುರಿದಳು. ನಾಯಿ ವಾಪಸು ಬಂತು. ಅದು ಮುಂದೆ, ಇವಳು ಅದರ ಬೆನ್ನಿಗೆ. ದಾಟಿದರು.

"ಬೀದಿನಾಯಿ ಮುಖಾ ಫ್ಲೆಕ್ಸಿಗೆ ಯಾರ್ ಹಾಕತಾರ ಅಕ್ಕಾ," ಎಂದಳು ಫೋನಿನಲ್ಲಿ ತಬಸ್ಸುಮ್. "ಅದು ಹಸಿರು. ಇಕಿ ಇನ್ನೂ ಬೂದಾನ." ಆಮೇಲೆ ಕೇಳಿದಳು, "ನಾಯಿಗೆ ಎಷ್ಟು ವಯಸ್ಸು?"

ಅದು ಯಾರಿಗೂ ಗೊತ್ತಿರಲಿಲ್ಲ. ಪಂಕ್ಚರ್ ಅಂಗಡಿಯವ, ತಾನು ಅಂಗಡಿ ಹಾಕುವ ಮುಂಚಿನಿಂದ ಇದೆ ಎಂದ.

ಹೀಗೆ ಮೇಧಾ ಶಾಲೆಗೆ ಹೋಗತೊಡಗಿದಳು. ಬೆಳಿಗ್ಗೆ ನಾಯಿ ನಾಕಾದಲ್ಲಿ ಕಾದಿರುತ್ತಿತ್ತು. ಕೆಲವು ದಿನ ಇರುತ್ತಿರಲಿಲ್ಲ, ಅಂದು ಅಂಚಿನಲ್ಲೇ ನಿಂತಿರುತ್ತಿದ್ದಳು. ಹಾಗಾಗಿ ಶೈಲಾ ಹಿಂದಿನಿಂದ ಬಂದು ಅಂಗಡಿಯ ಮರೆಯಲ್ಲಿ ನಿಲ್ಲುವುದನ್ನು ಬಿಡಲಿಲ್ಲ.

ಪ್ಲಾಸ್ಟರು ಬಿಚ್ಚುವ ಹಿಂದಿನ ದಿನ ಬಿಸಿಲು ಓರೆಯಾಗಿ ಬಿದ್ದಿತ್ತು, ಚಾದರವೂ ಥರ್ಮೋಕೋಲೂ ಬೇಡದಂಥ ಬೆಳಕು. ಹುಡುಗಿ ಕುಕ್ಕರುಗಾಲಲ್ಲಿ ಕೂತಿದ್ದಳು, ನಾಯಿ ಅವಳ ಕೈಯಿಂದ ಚಪಾತಿ ತಿನ್ನುತ್ತಿತ್ತು, ಹರಿದ ಕಿವಿಯ ಅಂಚಿನಲ್ಲಿ ಬೆಳಕು ಕೆಂಪಗೆ ಸೋರುತ್ತಿತ್ತು. ಶೈಲಾ ಮರೆಯಿಂದ ಹೊರಬಂದಳು. ಕೈ ತಾನಾಗಿ ಫೋನನ್ನು ಎತ್ತಿತ್ತು.

ಮೇಧಾ ತಿರುಗಿ ನೋಡಿದಳು. ಎದ್ದೇಳಲಿಲ್ಲ. ಪ್ಲಾಸ್ಟರಿನ ಕೈಯನ್ನು ಅಡ್ಡ ತಂದು ನಾಯಿಯ ಮುಖ ಮುಚ್ಚಿದಳು.

"ಇದರದ ತಗೀಬ್ಯಾಡ ಅವ್ವಾ," ಎಂದಳು.

ಶೈಲಾ ಫೋನು ಕೆಳಗಿಳಿಸಿದಳು. ರಸ್ತೆಯಲ್ಲಿ ಬಸ್ಸುಗಳು ಸಾಲಾಗಿ, ನಾಯಿ ದಾಟಲೆಂದು ಕಾದು ನಿಂತಿದ್ದವು.